ನನ್ನ ಪುಸ್ತಕ, ಅವಳ ಪುಸ್ತಕ

ಮಗು ಹುಟ್ಟಿದ ಮೇಲೆ ಓದು ಕೈಬಿಟ್ಟುಹೋಯಿತು ಎಂದು ಎಷ್ಟೋ ತಾಯಂದಿರು ಹೇಳುವುದನ್ನು ಕೇಳಿದ್ದೇನೆ. ಅದೇ ತಾಯಂದಿರು ಸ್ವಲ್ಪ ಹೊತ್ತಿನ ಮೇಲೆ, ಮಗುವಿಗೆ ಓದುವ ರುಚಿ ಹತ್ತಿಸುವುದು ಹೇಗೆ ಎಂದೂ ಕೇಳುತ್ತಾರೆ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ ಆಗಿತ್ತು. ನನ್ನ ಓದನ್ನು ಉಳಿಸಿಕೊಳ್ಳಲು ಏನೇನು ಮಾಡಿದೆನೋ ಅದರ ಬೆನ್ನಿಗೇ ಮಗಳ ಓದೂ ಬೆಳೆಯಿತು. ಅವಳಿಗೀಗ ಏಳು ವರ್ಷ. ನಾವಿಬ್ಬರೂ ಇಲ್ಲಿಯವರೆಗೆ ಹೇಗೆ ಬಂದೆವು ಎಂಬುದನ್ನು ಬರೆಯುತ್ತೇನೆ. ಸಣ್ಣ ಮಗು ಇರುವ, ಪುಸ್ತಕ ಮುಟ್ಟಿ ತಿಂಗಳುಗಳಾದ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ನಿದ್ದೆ ತುಂಡುತುಂಡಾಗುತ್ತದೆ, ಅದರ ಜೊತೆ ಗಮನವೂ. ಹೊಸ ಕಾದಂಬರಿ ಹಿಡಿದರೆ ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮೊದಲನೆಯದರಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದೇ ಮರೆತುಹೋಗಿರುತ್ತದೆ. ಅದಕ್ಕೆ ನಾನು ಹೊಸದನ್ನೆಲ್ಲ ಬದಿಗಿಟ್ಟು, ಹಿಂದೆ ಓದಿ ಮೆಚ್ಚಿದ್ದ ಕಾದಂಬರಿಗಳನ್ನೇ ಮತ್ತೆ ಓದಿದೆ. ಕಥೆ ಗೊತ್ತಿರುವುದರಿಂದ ನಡುವೆ ಮಗು ಅತ್ತರೆ ಎಳೆ ತಪ್ಪುವ ಭಯವಿಲ್ಲ. ಎಲ್ಲಿ ಬಿಟ್ಟರೂ ಬಿಟ್ಟಲ್ಲಿಂದ ಹಿಡಿಯಬಹುದು. ಮೊದಲ ಸಲ ಕಥೆಯ ಓಟದಲ್ಲಿ ಕಾಣದೇ ಹೋಗಿದ್ದ ಎಷ್ಟೋ ಸಾಲುಗಳು ಆಗ ಕಂಡವು. ಅದರ ಜೊತೆಗೆ ಕವಿತೆ, ಪುಟ್ಟ ಪ್ರಬಂಧ, ಯಾರಾದರೂ ದೊಡ್ಡವರು ಬರೆದ ಕಾಗದಗಳ ಸಂಗ್ರಹ, ಹೀಗೆ ಒಂದು ಗುಕ್ಕಿಗೆ ಮುಗಿಯುವ ಬರಹಗಳು. ಒಂದೇ ಕೈಯಲ್ಲಿ ಹಿಡಿಯಲು ಬರುವ ತೆಳು ಪುಸ್ತಕವೇ ಆಗಬೇಕು, ಇನ್ನೊಂದು ಕೈಯಲ್ಲಿ ಮಗು ಇರುತ್ತದಲ್ಲ. ಹಾಲು ಕುಡಿಸಲು ಕೂರುವ ಕುರ್ಚಿಯ ಪಕ್ಕ ಒಂದು, ಹಾಸಿಗೆಯ ತಲೆದೆಸೆಯಲ್ಲಿ ಒಂದು, ಅಡುಗೆಮನೆಯ ಕಿಟಕಿಯಲ್ಲಿ ಒಂದು ಇಟ್ಟೆ. ಪುಸ್ತಕ ಹುಡುಕಿಕೊಂಡು ಏಳಬೇಕಾದರೆ ಆ ಹೊತ್ತಿನ ಓದು ಆಗುವುದೇ ಇಲ್ಲ.

ಕುಡಿಸುವಾಗ ನಾನು ಓದುತ್ತಿದ್ದುದನ್ನೇ ಎಷ್ಟೋ ಸಲ ಗಟ್ಟಿಯಾಗಿ ಓದುತ್ತಿದ್ದೆ. ಎಳೆಗೂಸಿಗೆ ಕಾದಂಬರಿ ಏನು ತಿಳಿಯುತ್ತದೆ ಎಂದು ನೋಡಿದವರು ಕೇಳಿದ್ದುಂಟು. ಅರ್ಥ ತಿಳಿಯುವುದಿಲ್ಲ ನಿಜ, ದನಿಯ ಏರಿಳಿತ ತಿಳಿಯುತ್ತದೆ. ಆಂಥನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಸುರಿಯರು ಕೊನೆಯ ಆರು ವಾರ ದಿನವೂ ಒಂದೇ ಗದ್ಯಭಾಗವನ್ನು ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ, ಚೀಪುವ ಲಯಕ್ಕೆ ತಕ್ಕಂತೆ ಕೇಳಿಸುವ ಓದು ಬದಲಾಗುವ ಏರ್ಪಾಡಿನಲ್ಲಿ, ಆ ಶಿಶುಗಳು ಲಯವನ್ನು ಬದಲಿಸಿಕೊಂಡು, ಕೇಳದ ಭಾಗಕ್ಕಿಂತ ಆ ಕೇಳಿದ ಭಾಗವನ್ನೇ ಬಯಸಿದವು, ಓದುವ ದನಿ ಬೇರೆ ಹೆಂಗಸಿನದಾಗಿದ್ದಾಗಲೂ. ಅಂದರೆ ಮಾತು ಕಲಿಯುವುದಕ್ಕೆ ಬಹಳ ಮುಂಚೆಯೇ ಮಗು ಗದ್ಯದ ನಡೆಯನ್ನು ಹಿಡಿದಿರುತ್ತದೆ. ಹುಟ್ಟಿದ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ ಒಂದಿಷ್ಟು ಸ್ಪಷ್ಟವಾಗಿ ಕಾಣುತ್ತದೆ. ಎದೆಗಪ್ಪಿದಾಗ ಅಮ್ಮನ ಮುಖ ಇರುವುದೂ ಅಷ್ಟೇ ದೂರದಲ್ಲಿ. ಆ ದಿನಗಳಲ್ಲಿ ಅವಳಿಗೆ ಚಿತ್ರಪುಸ್ತಕದ ಅಗತ್ಯವೇ ಇರಲಿಲ್ಲ, ಓದುತ್ತಿದ್ದ ನನ್ನ ಮುಖ ಸಾಕಾಗಿತ್ತು.

ಆರು ತಿಂಗಳಾದ ಮೇಲೆ ಪುಸ್ತಕ ಬಾಯಿಗೆ ಹೋಗಲು ಶುರುವಾಯಿತು. ರಟ್ಟಿನ ಹಾಳೆಯ ಗಟ್ಟಿ ಪುಸ್ತಕಗಳನ್ನು ಕೊಟ್ಟು ಸುಮ್ಮನಾದೆ. ಆ ವಯಸ್ಸಿನಲ್ಲಿ ಕಚ್ಚುವುದೂ ಒಂದು ಬಗೆಯ ಪರಿಚಯವೇ. ಪುಟವನ್ನು ಸಾಲಾಗಿ ತಿರುಗಿಸಬೇಕೆಂದು ಹಟ ಮಾಡಲಿಲ್ಲ. ಅವಳು ನಾಲ್ಕು ಪುಟ ಒಟ್ಟಿಗೆ ಮಗುಚಿದರೆ ಸಿಕ್ಕ ಚಿತ್ರದ ಬಗ್ಗೆಯೇ ಮಾತಾಡಿದೆ. ಎರಡು ಪುಟಕ್ಕೆ ಎದ್ದು ಅಂಬೆಗಾಲಿಡುತ್ತಾ ಹೋದರೆ ಹೋಗಲಿ ಎಂದು ಬಿಟ್ಟೆ. ಆದರೆ ಆ ಪುಸ್ತಕವನ್ನು ಆಗಲೇ ಮುಚ್ಚುತ್ತಿರಲಿಲ್ಲ, ಉಳಿದ ಪುಟಗಳನ್ನು ಅವಳಿಗೆ ಕೇಳುವಷ್ಟು ದನಿಯಲ್ಲಿ ನಾನೇ ಓದಿ ಮುಗಿಸುತ್ತಿದ್ದೆ. ಕೆಲವೊಮ್ಮೆ ಅರ್ಧದಲ್ಲಿ ತಿರುಗಿ ಬಂದು ಮಡಿಲಲ್ಲಿ ಕೂರುತ್ತಿದ್ದಳು.

ಪುಸ್ತಕ ಆರಿಸುವಾಗ ನಾನು ಬಿಗಿಯಾಗಿ ಹಿಡಿದುಕೊಂಡು ಬಂದಿರುವ ಒಂದೇ ಒಂದು ನಿಯಮವಿದೆ: ನನಗೆ ಹಿಡಿಸದ ಪುಸ್ತಕವನ್ನು ಮಗಳಿಗೆ ಓದುವುದಿಲ್ಲ. ಅವಳಿಗೆ ಇಷ್ಟವಾದದ್ದನ್ನು ನೂರು ಸಲ ಓದಬೇಕಾಗುತ್ತದೆ. ನನಗೆ ಬೇಸರವಿದ್ದರೆ ಅದು ದನಿಯಲ್ಲಿ ಬಂದೇ ಬರುತ್ತದೆ, ಮಕ್ಕಳು ಅದನ್ನು ತಟ್ಟನೆ ಕಂಡುಹಿಡಿಯುತ್ತಾರೆ. ಅದಕ್ಕೆ ಮನೆಗೆ ಬಂದ ಪುಸ್ತಕವನ್ನು ಮೊದಲು ಒಬ್ಬಳೇ ಕೂತು ಗಟ್ಟಿಯಾಗಿ ಓದಿ ನೋಡುತ್ತೇನೆ. ನಾಲಗೆ ತಡವರಿಸುವ ವಾಕ್ಯಗಳು ಇದ್ದರೆ ಅಲ್ಲೇ ತಿಳಿಯುತ್ತದೆ. ಮಾತಿನಲ್ಲಿ ಇಲ್ಲದ್ದನ್ನು ಚಿತ್ರ ಹೇಳುತ್ತಿದ್ದರೆ ಆ ಪುಸ್ತಕಕ್ಕೆ ನನ್ನ ಓಟು. ಕೊನೆಯ ಪುಟದಲ್ಲಿ ಮಕ್ಕಳಿಗೆ ಬುದ್ಧಿ ಹೇಳಲೆಂದೇ ಕಥೆ ಕಟ್ಟಿದ್ದು ಕಂಡರೆ ಪಕ್ಕಕ್ಕಿಡುತ್ತೇನೆ. ದೊಡ್ಡವರಾದ ನಾವು ಅಂಥ ಕಾದಂಬರಿಯನ್ನು ಓದುವುದಿಲ್ಲ, ಮಕ್ಕಳು ಮಾತ್ರ ಯಾಕೆ ಸಹಿಸಬೇಕು?

ಒಂದೇ ಪುಸ್ತಕವನ್ನು "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕೇಳುವುದನ್ನು ಎಂದೂ ತಡೆಯಲಿಲ್ಲ. ಜೆಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನ ನನಗೆ ಬಹಳ ಧೈರ್ಯ ಕೊಟ್ಟಿತು. ಅದೇ ಹೊಸ ಪದಗಳು ಬರುವ ಬೇರೆಬೇರೆ ಕಥೆಗಳನ್ನು ಕೇಳಿದ ಮಕ್ಕಳಿಗಿಂತ, ಒಂದೇ ಕಥೆಯನ್ನು ಮತ್ತೆಮತ್ತೆ ಕೇಳಿದ ಮಕ್ಕಳು ಆ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಯೋಚಿಸಿದರೆ, ಹೆರಿಗೆಯ ನಂತರ ಹಳೆಯ ಕಾದಂಬರಿಗಳಿಗೆ ಮರಳಿದ ನಾನೂ ಮಾಡಿದ್ದು ಅದನ್ನೇ.

ಕನ್ನಡದಲ್ಲಿ ಓದಿ ಹೇಳುವವರೆಲ್ಲ ಎದುರಿಸುವ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯಲ್ಲಿ ನಾವು "ಅವನು ಹೋಗ್ಬಿಟ್ಟ" ಅನ್ನುತ್ತೇವೆ, ಪುಸ್ತಕದಲ್ಲಿ "ಅವನು ಹೊರಟುಹೋದನು" ಎಂದಿರುತ್ತದೆ. ಓದುವಾಗ ಆಡುಮಾತಿಗೆ ತಿರುಗಿಸಿ ಹೇಳಬೇಕೇ, ಇದ್ದಂತೆಯೇ ಓದಬೇಕೇ? ಎರಡು ವರ್ಷದವರೆಗೆ ನಾನು ಸಂಕೋಚವಿಲ್ಲದೆ ತಿರುಗಿಸಿದೆ. ಆಗ ಬೇಕಿದ್ದದ್ದು ಕಥೆ, ಚಿತ್ರ, ಮಡಿಲು. ಆಮೇಲೆ ನಿಧಾನವಾಗಿ ಅಚ್ಚಾದಂತೆಯೇ ಓದತೊಡಗಿದೆ. ಪುಸ್ತಕದ ಭಾಷೆ ಕಿವಿಗೆ ಬಿದ್ದಿರದ ಮಗು ಮುಂದೆ ತಾನೇ ಓದಲು ಕೂತಾಗ ಅಕ್ಷರದ ಜೊತೆಗೆ ಭಾಷೆಯನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ, ಆ ಭಾರ ಬೇಡ ಅನ್ನಿಸಿತು. ಕೆಲವು ದಿನ "ಹೋದನು ಅಂದ್ರೆ ಹೋದ್ನಾ?" ಎಂದು ಕೇಳಿದಳು, ಹೌದು ಎಂದೆ, ಮುಂದೆ ಕೇಳಲಿಲ್ಲ. ಒಂದು ಮಧ್ಯಾಹ್ನ ಗೊಂಬೆಗೆ ಟವೆಲು ಹೊದೆಸುತ್ತಾ, "ಸೂರ್ಯ ಮುಳುಗಿದನು. ಎಲ್ಲರೂ ಮಲಗಿದರು. ಆದರೆ ನಿನಗೆ ಮಾತ್ರ ಯಾಕೋ ನಿದ್ದೆ ಬರ್ತಿಲ್ಲ ಕಣೇ" ಎಂದಳು. ಕಥೆ ಹೇಳುವಾಗಿನ ಭಾಷೆ ಬೇರೆ, ಗೊಂಬೆಯ ಜೊತೆಗಿನ ಭಾಷೆ ಬೇರೆ ಎಂಬುದು ಆ ಮೂರು ವಾಕ್ಯಗಳೊಳಗೇ ಅವಳಿಗೆ ಸ್ಪಷ್ಟವಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಪ್ರಶ್ನೆ ಕೇಳುವ ವಿಚಾರ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿಕೊಟ್ಟ ಸಂವಾದದ ಓದು ಹೆಸರುವಾಸಿ. ದೊಡ್ಡವರು ಒಂದೇ ಸಮನೆ ಓದುತ್ತಾ ಹೋಗದೆ, ಬಿಡಿಸಿ ಉತ್ತರಿಸಬೇಕಾದ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೊಂದಿಷ್ಟು ಸೇರಿಸಿ ಮಾತು ಬೆಳೆಸಿದರೆ ಮಗುವಿನ ಭಾಷೆ ಬೇಗ ಬೆಳೆಯುತ್ತದೆ ಎಂಬುದು ಅದರ ಸಾರ. ನಾನೂ ಮಾಡುತ್ತೇನೆ, ಆದರೆ ಮೊದಲ ಓದಿನಲ್ಲಿ ಎಂದೂ ಇಲ್ಲ. ಮೊದಲ ಸಲ ಕಥೆ ಕಥೆಯಾಗಿಯೇ ಹರಿಯಬೇಕು. ನಾನು ಓದುವ ಕಾದಂಬರಿಯ ಪ್ರತಿ ಪುಟದಲ್ಲಿ ಯಾರಾದರೂ ನಿಲ್ಲಿಸಿ "ಈಗ ಏನಾಗಬಹುದು ಹೇಳು" ಎಂದರೆ ನನಗೆ ಉಸಿರು ಕಟ್ಟುತ್ತದೆ. ಮೂರನೆಯದೋ ನಾಲ್ಕನೆಯದೋ ಓದಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ಕೇಳಿದ ಮೇಲೆ ಕಾಯುತ್ತೇನೆ. ಬಣ್ಣ ಯಾವುದು, ಎಷ್ಟು ಹಕ್ಕಿ ಇವೆ ಎಂಬಂಥ ಪರೀಕ್ಷೆಯ ಪ್ರಶ್ನೆಗಳಿಂದ ಮಾತು ಬೆಳೆಯುವುದಿಲ್ಲ. "ಇವಳ ಮುಖ ಯಾಕೆ ಹೀಗಿದೆ?" ಎಂದರೆ ಬೆಳೆಯುತ್ತದೆ.

ಕೆಲವು ಪುಟಗಳಲ್ಲಿ ಪ್ರಶ್ನೆಯೂ ಬೇಡ. ಗೂಡಿನಿಂದ ಬಿದ್ದ ಹಕ್ಕಿಮರಿಯ ಕಥೆಯೊಂದಿತ್ತು. ಒಂದು ಪುಟದಲ್ಲಿ ಮರಿ ಹುಲ್ಲಿನ ಮೇಲೆ ಕೂತಿದೆ, ಪೊದೆಯ ಹಿಂದೆ ಬೆಕ್ಕಿನ ಬಾಲದ ತುದಿ ಮಾತ್ರ ಕಾಣುತ್ತದೆ. ನಾನು ಪುಟ ತಿರುಗಿಸಲು ಹೋದರೆ ಅವಳು ಅಂಗೈಯನ್ನು ಪುಟದ ಮೂಲೆಗೆ ಒತ್ತಿ ಹಿಡಿದಳು. "ಬೇಡ ಅಮ್ಮ. ಇಲ್ಲೇ ಇರ್ಲಿ." ಮುಂದಿನ ಪುಟದಲ್ಲಿ ಮರಿ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಅವಳು ಹಿಂದಿನ ಪುಟಕ್ಕೆ ಹೋದಳು. ಅಲ್ಲಿ ತಾಯಿಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ದೂರದ ಕೊಂಬೆಯಲ್ಲಿತ್ತು. ಆ ಚಿತ್ರಕ್ಕೆ ಬೆರಳಿಟ್ಟು "ಹುಳ ಬಿಟ್ಟು ಬೇಗ ಬಾ" ಎಂದಳು. ಅಂದಿನ ಕಥೆ ಅಲ್ಲಿಗೇ ನಿಂತಿತು. ಎಷ್ಟೋ ರಾತ್ರಿ ಹಾಗೇ, ಅದೇ ಪುಟದವರೆಗೆ ಬಂದು ನಿಲ್ಲುತ್ತಿದ್ದೆವು. ಮುಂದಿನ ಪುಟ ತಿರುಗಿಸಿದ್ದು ಅವಳೇ, ತನಗೆ ಬೇಕೆನಿಸಿದ ದಿನ. ಏನೂ ಆಗಲ್ಲ ಎಂದು ನಾನು ಮೊದಲೇ ಸಮಾಧಾನ ಹೇಳಿಬಿಟ್ಟಿದ್ದರೆ ಆ ಪುಟದಲ್ಲಿ ಅವಳು ಪಟ್ಟ ಪಾಡಿಗೆ ಬೆಲೆಯೇ ಇರುತ್ತಿರಲಿಲ್ಲ.

ಅವಳ ಕಣ್ಣೆದುರಿಗೆ ನನ್ನ ಪುಸ್ತಕ ಓದುವುದನ್ನು ನಾನು ಬಿಡಲಿಲ್ಲ. ಅವಳು ಎಚ್ಚರವಿರುವಾಗ ಓದುವುದಿದ್ದರೆ ಕಾಗದದ ಪುಸ್ತಕವನ್ನೇ ಹಿಡಿಯುತ್ತೇನೆ. ಫೋನಿನಲ್ಲಿ ನಾನು ಎಂಥ ಒಳ್ಳೆಯ ಪ್ರಬಂಧ ಓದುತ್ತಿದ್ದರೂ ಮಗುವಿಗೆ ಕಾಣುವುದು ಫೋನು ಹಿಡಿದ ಅಮ್ಮ ಮಾತ್ರ. ಜೊತೆಯಾಗಿ ಓದಲು ಕೂಡ ಪರದೆಗಿಂತ ಕಾಗದವೇ ವಾಸಿ. ಟಿಫನಿ ಮುಂಜರ್ ಮತ್ತು ಸಂಗಡಿಗರು 2019ರಲ್ಲಿ ಪುಟ್ಟ ಮಕ್ಕಳು ಮತ್ತು ಅವರ ತಂದೆತಾಯಿಯರ 37 ಜೋಡಿಗಳನ್ನು ಗಮನಿಸಿದಾಗ, ಟ್ಯಾಬ್ಲೆಟ್ಟಿನ ಪುಸ್ತಕದ ಮುಂದೆ ಇಬ್ಬರೂ ಕಡಿಮೆ ಮಾತಾಡಿದ್ದು ಕಂಡುಬಂತು. ಮುದ್ರಿತ ಪುಸ್ತಕದ ಮುಂದೆ ಮಾತು ಹೆಚ್ಚು, ಒಬ್ಬರಿಗೊಬ್ಬರು ಸ್ಪಂದಿಸುವುದೂ ಹೆಚ್ಚು.

ನಾಲ್ಕು ವರ್ಷದ ಹೊತ್ತಿಗೆ ಅವಳು ಕೇಳತೊಡಗಿದಳು, "ಅಮ್ಮ, ನಿನ್ನ ಪುಸ್ತಕದಲ್ಲಿ ಏನಾಯ್ತು?" ನಾನಾಗ ಓದುತ್ತಿದ್ದ ಕಾದಂಬರಿಯಲ್ಲಿ ಒಬ್ಬ ಮುದುಕಿ ದೂರ ಹೋದ ಮಗನ ಕಾಗದಕ್ಕಾಗಿ ಕಾಯುತ್ತಿದ್ದಳು. ಅಷ್ಟನ್ನು ಹೇಳಿದೆ. ಮರುದಿನ ಹಲ್ಲುಜ್ಜುತ್ತಾ ಬಾಯ್ತುಂಬ ನೊರೆಯಲ್ಲೇ ಕೇಳಿದಳು, "ಕಾಗದ ಬಂತಾ?" ನಾನಿನ್ನೂ ಅಲ್ಲಿಗೆ ಬಂದಿಲ್ಲ ಪುಟ್ಟಿ ಎಂದೆ. "ಹಾಗಾದ್ರೆ ಓದು ಹೋಗು" ಎಂದು ನನ್ನನ್ನು ಕಳಿಸಿದಳು. ಮಗುವಿನ ಕಾಲದಲ್ಲಿ ಕದ್ದು ಓದುತ್ತಿದ್ದೇನೆ ಎಂಬ ಅಳುಕು ನನ್ನಲ್ಲಿ ಎಲ್ಲೋ ಉಳಿದಿದ್ದರೆ ಅದು ಅವತ್ತು ಹೋಯಿತು. ಅಲ್ಲಿಂದ ನನ್ನ ಪುಸ್ತಕದ ಸುದ್ದಿ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಅವಳ ವಯಸ್ಸಿಗೆ ಹೊಂದದ್ದನ್ನು ಬಿಡುತ್ತೇನೆ, ಉಳಿದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ಮುದುಕಿಗೆ ಕಾಗದ ಬರಲಿಲ್ಲ ಎಂಬುದನ್ನೂ ಹೇಳಿದೆ.

ಅಕ್ಷರದ ವಿಷಯಕ್ಕೆ ಬಂದರೆ, ಮಡಿಲಲ್ಲಿ ಕೂತು ಕೇಳುವ ಮಕ್ಕಳ ಕಣ್ಣು ಬಹುಮಟ್ಟಿಗೆ ಚಿತ್ರದ ಮೇಲೇ ಇರುತ್ತದೆ, ಅಚ್ಚಿನ ಮೇಲೆ ಹೋಗುವುದು ತೀರಾ ಕಡಿಮೆ ಎಂಬುದನ್ನು ಮೇರಿ ಆನ್ ಇವಾನ್ಸ್ ಮತ್ತು ಜಾನ್ ಸೇಂಟ್ ಆಬಿನ್ 2005ರಲ್ಲಿ ಕಣ್ಣಿನ ಚಲನೆಯನ್ನೇ ಅಳೆದು ತೋರಿಸಿದ್ದಾರೆ. ಓದಿ ಹೇಳಿದ ಮಾತ್ರಕ್ಕೆ ಅಕ್ಷರ ತಾನಾಗಿ ಬರುವುದಿಲ್ಲ. ಹಾಗಾಗಿ ಮತ್ತೆಮತ್ತೆ ಬರುವ ಸಾಲಿನ ಕೆಳಗೆ ಮಾತ್ರ ಬೆರಳು ಆಡಿಸುತ್ತಿದ್ದೆ, ಎಲ್ಲ ಸಾಲಿಗೂ ಅಲ್ಲ. ಕನ್ನಡದ ಮಕ್ಕಳಿಗೆ ಇನ್ನೊಂದು ಮಾತೂ ಇದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಶಾಲೆಯ ಮೊದಲ ಕೆಲವು ವರ್ಷಗಳೇ ಬೇಕಾಗುತ್ತವೆ. ಇದನ್ನು ತಿಳಿದ ಮೇಲೆ ಅವಳು ತಡವರಿಸುವುದನ್ನು ಕಂಡು ನಾನು ಗಾಬರಿಯಾಗಲಿಲ್ಲ. ಒತ್ತಕ್ಷರದ ಮುಂದೆ ನಿಂತರೆ ಪದವನ್ನು ನಾನೇ ಹೇಳಿಬಿಡುತ್ತೇನೆ, ಕಥೆ ಮುಂದಕ್ಕೆ ಹೋಗುತ್ತದೆ. ಬಿಡಿಸಿ ಓದುವ ಅಭ್ಯಾಸಕ್ಕೆ ಹಗಲು ಬೇರೆ ಹೊತ್ತಿದೆ.

ತಾನೇ ಓದಲು ಬಂತಲ್ಲ, ಇನ್ನು ಓದಿ ಹೇಳುವುದು ಯಾಕೆ ಎಂದು ಈ ಹಂತದಲ್ಲಿ ಬಹಳ ಮನೆಗಳಲ್ಲಿ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಅವಳು ಸ್ವಂತ ಓದಬಲ್ಲ ಕಥೆಗೂ ಕೇಳಿ ಅರಗಿಸಿಕೊಳ್ಳಬಲ್ಲ ಕಥೆಗೂ ವರ್ಷಗಳ ಅಂತರವಿದೆ. ಸರಳ ವಾಕ್ಯಗಳ ಪುಸ್ತಕವೊಂದೇ ಗತಿ ಎಂದಾದರೆ, ದೊಡ್ಡ ಕಥೆ ಕೇಳಿ ಬೆಳೆದ ಮಗುವಿಗೆ ಓದು ಎಂದರೆ ಇಷ್ಟೇನಾ ಅನ್ನಿಸುವುದು ಸಹಜ.

ಸದ್ಯ ಸಂಜೆ ನಾವಿಬ್ಬರೂ ಒಂದೇ ಚಾಪೆಯ ಮೇಲೆ ನಮ್ಮ ನಮ್ಮ ಪುಸ್ತಕ ಹಿಡಿದು ಕೂರುತ್ತೇವೆ, ಆ ಹೊತ್ತು ಮಾತಿಲ್ಲ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ ಅವಳಿಗೂ ಇದೆ, ನನಗೂ ಇದೆ. ಯಾಕೆ ಬಿಟ್ಟೆ ಎಂದು ಪರಸ್ಪರ ಹೇಳಿಕೊಳ್ಳುತ್ತೇವೆ. ರಾತ್ರಿಗೆ ಅಧ್ಯಾಯ ಅಧ್ಯಾಯವಾಗಿ ಸಾಗುವ ಒಂದು ದಪ್ಪ ಪುಸ್ತಕವನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಅದರಲ್ಲಿ ಬರುವ ಅಜ್ಜನ ಮಾತುಗಳನ್ನೆಲ್ಲ ಅವಳು ಓದುತ್ತಾಳೆ, ದನಿ ದಪ್ಪಗೆ ಮಾಡಿಕೊಂಡು. ಮುಂದಿನ ಅಧ್ಯಾಯವನ್ನು ಇಬ್ಬರೂ ಒಬ್ಬೊಬ್ಬರೇ ಓದಿಕೊಳ್ಳಬಾರದು ಎಂದು ಒಪ್ಪಂದವಾಗಿದೆ. ಆ ಒಪ್ಪಂದ ಬೇಕೆಂದವಳು ಅವಳೇ. ನಾನು ಹಗಲಲ್ಲಿ ಆ ಪುಸ್ತಕದ ಪಕ್ಕ ಸುಳಿದರೆ ಏನು ಮಾಡುತ್ತಿದ್ದೀಯಾ ಎಂದು ಬಂದು ವಿಚಾರಿಸುತ್ತಾಳೆ.