ಟೊಪಾಲಜಿಯಿಂದ ಭೌತವಿಜ್ಞಾನಕ್ಕೆ ಬರುವವರಿಗೆ

ಟೊಪಾಲಜಿಯಲ್ಲಿ, ಅಂದರೆ ಹಿಗ್ಗಿಸಿ ಬಗ್ಗಿಸಿದರೂ ಬದಲಾಗದ ಆಕಾರಗುಣಗಳ ಗಣಿತದಲ್ಲಿ, ಪಿಎಚ್.ಡಿ. ಮುಗಿಸಿ ಘನವಸ್ತುಗಳ ಭೌತವಿಜ್ಞಾನಕ್ಕೆ ಬಂದಾಗ ನನಗೆ ಒಂದು ಧೈರ್ಯವಿತ್ತು: ಇಲ್ಲಿ ಬೇಕಾಗುವ ಗಣಿತ ನನಗೆ ಮೊದಲೇ ಗೊತ್ತು. ಸಂಶೋಧನಾ ಗುಂಪಿನ ಮೊದಲ ಸಭೆಯಲ್ಲಿ ಕ್ವಾಂಟಮ್ ಹಾಲ್ ಪರಿಣಾಮದ ಬಗ್ಗೆ ಮಾತನಾಡಿದೆ. ಎಲೆಕ್ಟ್ರಾನ್ ಪದರವೊಂದನ್ನು ತೀರ ತಣಿಸಿ ಪ್ರಬಲ ಕಾಂತಕ್ಷೇತ್ರದಲ್ಲಿಟ್ಟಾಗ, ಪ್ರವಾಹಕ್ಕೆ ಅಡ್ಡಲಾಗಿ ಅಳೆದ ರೋಧ (ಹಾಲ್ ರೋಧ) ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಈ ಪರಿಣಾಮ. 1980ರಲ್ಲಿ ಫಾನ್ ಕ್ಲಿಟ್ಜಿಂಗ್ ಅಳೆದ ರೋಧ 25,812.8 ಓಮ್ ಅನ್ನು ಪೂರ್ಣಾಂಕದಿಂದ ಭಾಗಿಸಿದಷ್ಟೇ ಏಕಿರುತ್ತದೆ, 1982ರಲ್ಲಿ ಥೌಲೆಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರದೊಳಗಿನ ಪೂರ್ಣಾಂಕವು ಚರ್ನ್ ಸಂಖ್ಯೆಯೇ (ಟೊಪಾಲಜಿಯಲ್ಲಿ ಆಕಾರಗುಣವೊಂದನ್ನು ಎಣಿಸುವ ಪೂರ್ಣಾಂಕ) ಹೇಗೆ ಎಂದೆಲ್ಲ ಬಿಡಿಸಿ ಹೇಳಿದೆ. ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು: “ಕಾಂತಕ್ಷೇತ್ರವನ್ನು ಕೊಂಚ ಬದಲಿಸಿದರೂ ರೋಧ ಅಲ್ಲಾಡದೆ ನಿಲ್ಲುತ್ತದಲ್ಲ, ನಕ್ಷೆಯ ಆ ಸಮತಟ್ಟಿಗೆ ಅಗಲ ಎಲ್ಲಿಂದ ಬಂತು?”

ಅದು ಬಂದದ್ದು ಕಲ್ಮಶದಿಂದ. ವಸ್ತು ಪೂರ್ತಿ ಶುದ್ಧವಾಗಿದ್ದರೆ ಹಾಲ್ ರೋಧ ಕ್ಷೇತ್ರದೊಂದಿಗೆ ನೇರ ಗೆರೆಯಲ್ಲಿ ಏರುತ್ತದೆ, ಮೆಟ್ಟಿಲುಗಳೇ ಇರುವುದಿಲ್ಲ. ಕಲ್ಮಶಗಳು ಕೆಲವು ಎಲೆಕ್ಟ್ರಾನ್ ಸ್ಥಿತಿಗಳನ್ನು ಒಂದೆಡೆ ಕಟ್ಟಿಹಾಕುತ್ತವೆ. ಆ ಸ್ಥಿತಿಗಳು ತುಂಬಿದರೂ ಖಾಲಿಯಾದರೂ ವಿದ್ಯುತ್ ಪ್ರವಾಹಕ್ಕೆ ಏನೂ ಸೇರುವುದಿಲ್ಲ. ‘ಪರಿಪೂರ್ಣ ಸ್ಫಟಿಕವೊಂದಿರಲಿ’ ಎಂದು ಮೊದಲ ಸಾಲಿನಲ್ಲೇ ನಾನು ತಳ್ಳಿಹಾಕಿದ್ದ ಸಂಗತಿಯೇ ಮೆಟ್ಟಿಲಿಗೆ ಅಗಲ ಕೊಡುತ್ತಿತ್ತು.

ಆದ್ದರಿಂದ ನೀವು ಬರುವುದಾದರೆ ಮೊದಲ ಆರು ತಿಂಗಳು ಹೊಸ ಗಣಿತಕ್ಕೆ ಕೈಹಾಕಬೇಡಿ. ‘ಎಷ್ಟು ದೊಡ್ಡದು?’ ಎಂದು ಕೇಳುವುದನ್ನು ರೂಢಿಸಿಕೊಳ್ಳಿ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ 10 ಟೆಸ್ಲಾ ಕ್ಷೇತ್ರಕ್ಕೆ ಲ್ಯಾಂಡೌ ಮಟ್ಟಗಳ (ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಹೊಂದಬಲ್ಲ ಶಕ್ತಿಗಳ) ನಡುವಿನ ಅಂತರ ಸುಮಾರು 17 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಉಷ್ಣಶಕ್ತಿ ಸುಮಾರು 25, ಅಂದರೆ ಎಲೆಕ್ಟ್ರಾನನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಎತ್ತಿಬಿಡಲು ಸಾಕಾಗುವಷ್ಟು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಪ್ರಯೋಗವನ್ನು ತಣಿಸಲು ದ್ರವ ಹೀಲಿಯಂ ಏಕೆ ಬೇಕೆಂದು ತಾನಾಗಿ ತಿಳಿಯುತ್ತದೆ. ಚರ್ನ್ ಸಂಖ್ಯೆ ಇದನ್ನು ಎಂದಿಗೂ ಹೇಳುವುದಿಲ್ಲ. ನಾನು ದಿನಕ್ಕೊಂದು ಇಂಥ ಅಂದಾಜನ್ನು, ಏಕಮಾನಗಳನ್ನು ಬಿಡದೆ, ಕೈಯಲ್ಲೇ ಲೆಕ್ಕ ಹಾಕುತ್ತಿದ್ದೆ.

ಓದಿನಲ್ಲಿ ಅಭಿಜಾತ ಯಂತ್ರಶಾಸ್ತ್ರ ಬೇಗ ಮುಗಿಯುತ್ತದೆ, ಕ್ವಾಂಟಮ್ ಯಂತ್ರಶಾಸ್ತ್ರದ ರೇಖೀಯ ಬೀಜಗಣಿತ ನಿಮಗೆ ಹೊಸದಲ್ಲ. ಅಸಂಖ್ಯ ಕಣಗಳ ಒಟ್ಟು ವರ್ತನೆಯನ್ನು ಸಂಭವನೀಯತೆಯಿಂದ ಲೆಕ್ಕ ಹಾಕುವ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನಲ್ಲಿ ಮಾತ್ರ ಅವಸರ ಬೇಡ. ಗಣಿತದವರು ಹಾರಿಸಿಬಿಡುವುದು ಅದನ್ನೇ, ಆಮೇಲೆ ಪದೇಪದೇ ಎಡವುವುದೂ ಅಲ್ಲಿಯೇ.

ಮೊದಲ ಕೆಲಸಕ್ಕೆ ನಾನು ಸೂಚಿಸುವುದು 1979ರಲ್ಲಿ ಸು, ಶ್ರೀಫರ್, ಹೀಗರ್ ಎಂಬ ಮೂವರು ಸೇರಿ, ಇಂಗಾಲದ ಉದ್ದನೆಯ ಸರಪಳಿಯಾದ ಪಾಲಿಅಸಿಟಿಲೀನ್‌ಗಾಗಿ ಕಟ್ಟಿದ ಸರಪಳಿ. ನೂರು ತಾಣಗಳನ್ನು ಸಾಲಾಗಿ ಇಟ್ಟು, ನೆರೆಹೊರೆಯ ತಾಣಗಳ ನಡುವೆ ಎಲೆಕ್ಟ್ರಾನ್ ಜಿಗಿಯುವ ಕೊಂಡಿಗಳಿಗೆ ಸರದಿಯಂತೆ 0.5 ಮತ್ತು 1 ಬೆಲೆ ಕೊಡಿ. ಎರಡೂ ತುದಿಗಳಲ್ಲಿ ದುರ್ಬಲ ಕೊಂಡಿಯೇ ಇರಲಿ. ಈ ಬೆಲೆಗಳನ್ನು ಕರ್ಣದ ಎರಡು ಪಕ್ಕದಲ್ಲೂ ಇಟ್ಟ 100×100 ಮಾತೃಕೆಯ ಐಗನ್ ಮೌಲ್ಯಗಳನ್ನು, ಅಂದರೆ ಸರಪಳಿಯಲ್ಲಿ ಎಲೆಕ್ಟ್ರಾನ್ ಹೊಂದಬಲ್ಲ ಶಕ್ತಿಗಳನ್ನು, ಕಂಪ್ಯೂಟರಿನಲ್ಲಿ ತೆಗೆಯಿರಿ: ಎರಡು ಮೌಲ್ಯಗಳು ಸೊನ್ನೆಗೆ ಅಂಟಿಕೊಂಡಿರುತ್ತವೆ, ಅವುಗಳ ಸ್ಥಿತಿಗಳು ಸರಪಳಿಯ ತುದಿಗಳಲ್ಲಿ ಕೂತಿರುತ್ತವೆ. ಇಷ್ಟನ್ನು ವೈಂಡಿಂಗ್ ಸಂಖ್ಯೆಯಿಂದ (ವಕ್ರರೇಖೆಯೊಂದು ಬಿಂದುವನ್ನು ಎಷ್ಟು ಸುತ್ತು ಸುತ್ತುತ್ತದೆಂಬ ಎಣಿಕೆಯಿಂದ) ನೀವು ಮೊದಲೇ ಊಹಿಸಿರುತ್ತೀರಿ. ಈಗ ಪ್ರತಿ ಕೊಂಡಿಯ ಬೆಲೆಯನ್ನೂ ಹತ್ತು ಶೇಕಡದಷ್ಟು ಮನಬಂದಂತೆ ಏರಿಳಿಸಿ. ಆ ಎರಡು ಅಲುಗುವುದಿಲ್ಲ. ಕೊಂಡಿಗಳನ್ನು ಬಿಟ್ಟು ತಾಣಗಳ ಶಕ್ತಿಯನ್ನು ಏರಿಳಿಸಿ, ಅಂದರೆ ಕರ್ಣದ ಮೇಲೆ ಸಂಖ್ಯೆಗಳನ್ನು ಸೇರಿಸಿ. ಎರಡೂ ಸೊನ್ನೆಯಿಂದ ಸರಿಯುತ್ತವೆ. ನಿಮ್ಮ ಪ್ರಮೇಯದ ಷರತ್ತು, ಇಲ್ಲಿ ಕೈರಲ್ ಸಮಮಿತಿ (ಸರದಿಯ ಎರಡು ಗುಂಪಿನ ತಾಣಗಳು ಒಂದು ಇನ್ನೊಂದಕ್ಕೆ ಮಾತ್ರ ಕೊಂಡಿ ಹೊಂದಿರುವುದು), ನಿಜವಾದ ವಸ್ತುವಿನಲ್ಲಿ ಮುರಿದಾಗ ಏನಾಗುತ್ತದೆಂದು ಕಣ್ಣಾರೆ ಕಂಡ ಆ ಸಂಜೆಯೇ ಭೌತವಿಜ್ಞಾನ ನನ್ನದು ಎನಿಸಿತು.

ಪ್ರತಿ ಹೆಜ್ಜೆಯನ್ನೂ ಕಟ್ಟುನಿಟ್ಟಾಗಿ ಸಾಬೀತುಪಡಿಸುವ ಗಣಿತದ ಅಭ್ಯಾಸವನ್ನು ಬಿಡಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದಕ್ಕೆ ಸರದಿ ಬರುವವರೆಗೆ ಕಾಯಿರಿ, ಸಾಕು. 1948ರಲ್ಲಿ ಶ್ವಿಂಗರ್ ಎಲೆಕ್ಟ್ರಾನಿನ ಮ್ಯಾಗ್ನೆಟಿಕ್ ಮೊಮೆಂಟ್‌ಗೆ (ಅದು ಪುಟ್ಟ ಅಯಸ್ಕಾಂತವಾಗಿ ಎಷ್ಟು ಪ್ರಬಲ ಎಂಬುದರ ಅಳತೆಗೆ) 0.00116ರ ತಿದ್ದುಪಡಿಯನ್ನು ಲೆಕ್ಕ ಹಾಕಿದರು, ಅದು ಪ್ರಯೋಗಕ್ಕೆ ಹೊಂದಿತು. ಆ ತಿದ್ದುಪಡಿ ಕೊನೆಯಿಲ್ಲದ ಶ್ರೇಣಿಯೊಂದರ ಮೊದಲ ಪದ. ಆ ಇಡೀ ಶ್ರೇಣಿಯೇ ಅಭಿಸರಿಸಲಾರದು, ಅಂದರೆ ಅದರ ಮೊತ್ತ ಒಂದು ಬೆಲೆಯಲ್ಲಿ ನೆಲೆ ನಿಲ್ಲಲಾರದು, ಎಂದು ಡೈಸನ್ ವಾದಿಸಿದ್ದು 1952ರಲ್ಲಿ. ಡೈಸನ್ ಗಣಿತದಿಂದ ಬಂದವರೇ. ಅಭಿಸರಣ ಸಾಬೀತಾಗುವವರೆಗೆ ಲೆಕ್ಕ ಹಾಕುವುದಿಲ್ಲ ಎಂದು ಎಲ್ಲರೂ ಕೂತಿದ್ದರೆ ಡೈಸನ್ನರಿಗೆ ಯೋಚಿಸಲು ವಿಷಯವೇ ಇರುತ್ತಿರಲಿಲ್ಲ.

ಮಾರ್ಗದರ್ಶಕರನ್ನು ಹುಡುಕುವಾಗ ನಿಮ್ಮ ಪ್ರಮೇಯಗಳ ಪಟ್ಟಿಯನ್ನು ಮುಂದಿಡಬೇಡಿ. ಅವರ ಇತ್ತೀಚಿನ ಪ್ರಬಂಧವೊಂದರ ನಕ್ಷೆಯನ್ನು ನೀವೇ ಮತ್ತೆ ಲೆಕ್ಕ ಹಾಕಿ ಬರೆದು, ಎಲ್ಲಿ ಹೊಂದಲಿಲ್ಲ ಎಂಬ ಪ್ರಶ್ನೆಯೊಂದಿಗೆ ಕಳುಹಿಸಿ. ಪ್ರಬಂಧ ಓದುವಾಗಲೂ ನಕ್ಷೆಯಿಂದಲೇ ತೊಡಗಿ: ಅಡ್ಡ ಅಕ್ಷದಲ್ಲಿ ಏನಿದೆ, ಅದನ್ನು ಯಾರು ಹೇಗೆ ಬದಲಿಸಿದರು, ಲಂಬ ಅಕ್ಷದಲ್ಲಿರುವುದನ್ನು ಯಾವ ಉಪಕರಣ ಅಳೆಯಿತು. ಸಮೀಕರಣಗಳಿಗೆ ಆಮೇಲೆ ಬನ್ನಿ.