ಕೋಡಿಲ್ಲದ ಆಡಿಗೆ ಕೋಡಿರುವ ಹೋತವನ್ನೇ ಬಿಡಿ
ಕುಷ್ಟಗಿ, ಸಿಂಧನೂರು ಕಡೆ ಆಡು ಸಾಕುವವರು ಗಮನಿಸಿ: ಕೋಡಿಲ್ಲದ ಹೋತ ಚೆಂದ ಕಾಣುತ್ತದೆ ಅಂತ ಕೋಡಿಲ್ಲದ ಆಡಿನ ಜೊತೆ ಬಿಡಬೇಡಿ. ಜೋಡಿಯಲ್ಲಿ ಒಂದಕ್ಕಾದರೂ ಹುಟ್ಟಿನಿಂದ ಕೋಡು ಇರಲಿ. ಕೋಡಿಲ್ಲದ ಗುಣ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಗೆ ಕೋಡು ಬರುವುದಿಲ್ಲ. ಆದರೆ ಇಬ್ಬರಿಂದಲೂ ಬಂದರೆ ಹೆಣ್ಣಾಗಬೇಕಿದ್ದ ಮರಿ ಅತ್ತ ಹೆಣ್ಣೂ ಅಲ್ಲ, ಇತ್ತ ಗಂಡೂ ಅಲ್ಲ ಎಂಬಂತೆ ಬೆಳೆಯುತ್ತದೆ, ಗಬ್ಬ ಕಟ್ಟುವುದಿಲ್ಲ. ವರ್ಷವಿಡೀ ಮೇವು ಹಾಕಿದ ಮೇಲೆ ಇದು ಗೊತ್ತಾದರೆ ಸಂಕಟ ಅಲ್ವಾ? ಮರಿ ಹಾಕಿರುವ ಕೋಡಿಲ್ಲದ ಆಡಿನಲ್ಲಿ ಆ ಗುಣ ಸಾಮಾನ್ಯವಾಗಿ ಒಂದೇ ಪಾಲು ಇರುತ್ತದೆ, ಅಂದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿರುತ್ತದೆ. ಅದಕ್ಕೆ ಕೋಡಿರುವ ಹೋತ ಬಿಟ್ಟರೆ ಸುಮಾರು ಅರ್ಧ ಮರಿಗಳಿಗೆ ಕೋಡು ಬರುತ್ತದೆ. ಇದು ತುಂಬಾ ಮರಿಗಳ ಲೆಕ್ಕ. ಒಂದು ಸೂಲಿನ 2 ಮರಿಗೂ ಕೋಡು ಬರಬಹುದು, ಎರಡಕ್ಕೂ ಬಾರದೇ ಇರಬಹುದು. ಸಂತೆಯಲ್ಲಿ ಕೊಳ್ಳುವಾಗ ನೆತ್ತಿ ಸವರಿ ನೋಡಿ. ಮರಿಯಲ್ಲೇ ಕೋಡು ಸುಟ್ಟಿದ್ದರೆ ಅದು ಕೋಡಿರುವ ಜಾತಿಯದೇ, ಅಲ್ಲಿ ಕಣ್ಣಳತೆ ಕೈ ಕೊಡುತ್ತದೆ. ಈ ನಿಯಮ ಆಡಿಗೆ ಮಾತ್ರ. ಬಳ್ಳಾರಿ ಕುರಿಗೆ ಹಚ್ಚಬೇಡಿ, ಅದರಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಕೋಡೇ ಇರುವುದಿಲ್ಲ.