ಮೇಲ್ಮಣ್ಣು ಕೊಚ್ಚಿಹೋದ ನೆಲವನ್ನು ಹುಲ್ಲಿನಿಂದ ಚೇತರಿಸುವ ಕ್ರಮ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಕೆಂಪು ಮಸಾರಿ ನೆಲದಲ್ಲಿ ಗರಸು (ಸಣ್ಣ ಕಲ್ಲು) ಮೇಲೆದ್ದು ಕಾಣುತ್ತಿದ್ದರೆ, ಮೇಲ್ಮಣ್ಣು ಹೋಗಿ ವರ್ಷಗಳೇ ಆಗಿವೆ ಎಂದು ತಿಳಿಯಬೇಕು. ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ದಪ್ಪದ ಮಣ್ಣು ಸುಮಾರು 55 ಟನ್ ತೂಗುತ್ತದೆ. ಅದು ಹೋಗುವಾಗ ಸಾವಯವ ಇಂಗಾಲವನ್ನೂ, ಅದನ್ನುಂಡು ಬದುಕುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನೂ ಒಯ್ಯುತ್ತದೆ. ಇಂಥ ನೆಲಕ್ಕೆ ಮೊದಲೇ ಜೀವಾಣು ಗೊಬ್ಬರದ ಪೊಟ್ಟಣ ತಂದು ಎರಚುವುದು, ಒಲೆ ಹೊತ್ತದ ಮನೆಗೆ ನೆಂಟರನ್ನು ಕರೆದಂತೆ.

ಮೊದಲು ನೀರನ್ನು ನಿಲ್ಲಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಬದು ಹಾಕದೆ, ಕೊರಕಲುಗಳಿಗೆ ತಡೆ ಕಟ್ಟದೆ ಬಿತ್ತಿದರೆ ಬೀಜವೂ ಕೆಳಗಿನವರ ಹೊಲ ಸೇರುತ್ತದೆ. ಬೇಸಿಗೆಯಲ್ಲಿ ಕೆರೆ ಗೋಡು (ಹೂಳು) ಸಿಕ್ಕರೆ ತೆಳುವಾಗಿ ಹರಡಿ, ಅದರ ಮೇಲೆ ಕೆಲವು ರಾತ್ರಿ ಕುರಿ ತರುಬಿಸುವುದು ಒಳ್ಳೆಯದು. ಗೋಡಿನ ಜೇಡಿ ತೇವವನ್ನು ಹಿಡಿದರೆ, ಹಿಕ್ಕೆ ಮತ್ತು ಗಂಜಲ ಸಾರಜನಕ ಕೊಡುತ್ತವೆ. ಬರಿಯ ಮೆಕ್ಕೆಜೋಳದ ದಂಟನ್ನು ಮಣ್ಣಿಗೆ ಸೇರಿಸಿದರೆ ಅದನ್ನು ಕೊಳೆಸುವ ಜೀವಾಣುಗಳು ನೆಲದ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ಎಳೆಯ ಹುಲ್ಲು ಹಳದಿಯಾಗುತ್ತದೆ.

ಬಿತ್ತನೆಗೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡದ ಜೋಡಿ ಈ ಸೀಮೆಗೆ ಹೊಂದುತ್ತದೆ. ಹೊಸದಾಗಿ ಕೊಯ್ದ ಅಂಜನ್ ಬೀಜ ಕೆಲವು ತಿಂಗಳು ಸರಿಯಾಗಿ ಮೊಳೆಯದು, ಹಿಂದಿನ ವರ್ಷದ್ದೇ ಬೇಕು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ ಒಣಗಿಸಬೇಕು. ಎರಡನ್ನೂ ಹಸಿ ಮರಳಿನೊಂದಿಗೆ ಬೆರೆಸಿ, ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಬಿತ್ತಬೇಕು. ಮುಂಗಾರಿನ ಮೊದಲ ಮಳೆಗೇ ಆತುರಪಟ್ಟರೆ ನಡುವಿನ ಬಿಸಿಲಿಗೆ ಮೊಳಕೆ ಕಮರುವುದುಂಟು. ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಹೆಚ್ಚು ಸುರಿಯುವ ಚಳ್ಳಕೆರೆ ಕಡೆ ಆಗಸ್ಟ್ ಕೊನೆಯವರೆಗೆ ಕಾಯುವುದೇ ಲೇಸೆಂದು ನನಗನ್ನಿಸುತ್ತದೆ.

ಬೇರು ಇಳಿದ ಮೇಲೆ ಮಣ್ಣಿನೊಳಗಿನ ಕೆಲಸ ತಾನಾಗಿ ಮೊದಲಾಗುತ್ತದೆ. ಎಲೆ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಬೇರು ಹೊರಸೂಸುತ್ತದೆ. ಅದಕ್ಕೆ ಜೀವಾಣುಗಳು ಮುತ್ತುತ್ತವೆ. ಬೇರಿನೊಡನೆ ಕೂಡಿ ಬಾಳುವ ಮೈಕೋರೈಜಾ ಶಿಲೀಂಧ್ರದ ಎಳೆಗಳು ಬೇರಿಗೆ ನಿಲುಕದ ರಂಜಕವನ್ನು ತಂದುಕೊಡುತ್ತವೆ ಮತ್ತು ಮಣ್ಣಿನ ಕಣಗಳನ್ನು ಹರಳುಗಳಾಗಿ ಕಟ್ಟುತ್ತವೆ. ಸ್ಟೈಲೋ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಆದ್ದರಿಂದ ಮೊದಲ ವರ್ಷ ದನ, ಕುರಿ ಬಿಡಲೇಬಾರದು. ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ಯಬಹುದು. ಎರಡನೆಯ ವರ್ಷದಿಂದ ತುಂಡು ತುಂಡಾಗಿ ಮೇಯಿಸಿ, ಅರ್ಧ ಗೇಣು ಹುಲ್ಲು ಉಳಿದಿರುವಾಗಲೇ ಹೊಡೆದುಕೊಂಡು ಹೋಗಬೇಕು, ಏಕೆಂದರೆ ಬುಡದವರೆಗೆ ಮೇಯಿಸಿದರೆ ಬೇರೂ ಸಾಯುತ್ತದೆ, ಅದನ್ನು ನಂಬಿದ ಜೀವಾಣುಗಳೂ ಉಪವಾಸ ಬೀಳುತ್ತವೆ.

ಚೇತರಿಕೆಯನ್ನು ಅಳೆಯಲು ಬಿಳಿ ಹತ್ತಿ ಬಟ್ಟೆಯ ತುಂಡುಗಳನ್ನು ಮಳೆಗಾಲದಲ್ಲಿ ಬೆರಳುದ್ದ ಆಳಕ್ಕೆ ಹೂತು, ಎರಡು ತಿಂಗಳ ನಂತರ ತೆಗೆದು ನೋಡಬಹುದು. ಹೆಚ್ಚು ಕೊಳೆತಷ್ಟೂ ಜೀವಾಣುಗಳ ಚಟುವಟಿಕೆ ಹೆಚ್ಚು. ನಮ್ಮ ಕಡೆ ಗೆದ್ದಲೂ ಬಟ್ಟೆ ಬಿಡುವುದಿಲ್ಲ. ಅದು ತಿಂದ ತುಂಡನ್ನು ಲೆಕ್ಕಕ್ಕೆ ಹಿಡಿಯಬಾರದು. ಒಣ ಹೆಂಟೆಯೊಂದನ್ನು ನೀರಿನ ಲೋಟಕ್ಕೆ ಹಾಕಿಯೂ ನೋಡಿ: ಕೂಡಲೇ ಕರಗಿ ಕೆಸರಾದರೆ ಶಿಲೀಂಧ್ರದ ಹಿಡಿತ ಇನ್ನೂ ಬಂದಿಲ್ಲ. ಪ್ರಯೋಗಾಲಯದ ಸಾವಯವ ಇಂಗಾಲದ ಅಂಕಿ 0.5 ಶೇಕಡಾಕ್ಕಿಂತ ಕೆಳಗಿದ್ದರೆ ಅದು ಕೊರತೆ. ಜೀವಾಣುಗಳು ಕೆಲವೇ ವರ್ಷಗಳಲ್ಲಿ ಮರಳಿದರೂ ಈ ಅಂಕಿ ಏರಲು ಬಹಳ ಕಾಲ ಹಿಡಿಯುವುದರಿಂದ, ಪ್ರತಿ ಸಲವೂ ಅದೇ ತಿಂಗಳಲ್ಲಿ, ಅದೇ 15 ಸೆಂಟಿಮೀಟರ್ ಆಳದಿಂದ ಮಾದರಿ ತೆಗೆದು, ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಸಾಕು.